ಮೂವತ್ತೊಂದನೆಯ ಪುಟದ ಕೆಳಗೆ

ನೋಟೀಸು ಬರೆಯುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ. ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಕುಳಿತು ಇಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದು ಅದೇ ಕೆಲಸ. ಯಾರದೋ ಬೇಲಿ ಒಂದು ಮೊಳ ಮುಂದೆ ಸರಿದಿರುತ್ತದೆ. ಯಾರದೋ ದನದ ಕೊಟ್ಟಿಗೆ ಸರಕಾರಿ ಜಾಗದಲ್ಲಿ ಒಂದು ಕಾಲು ಊರಿರುತ್ತದೆ. ‘ತಾವು ಅತಿಕ್ರಮಣ ಮಾಡಿರುವುದು ಕಂಡುಬಂದಿದ್ದು’ ಎಂದು ಶುರುಮಾಡಿದರೆ, ಓದುವವನ ಅನ್ನ ಗಂಟಲಲ್ಲೇ ನಿಲ್ಲುವ ಹಾಗೆ ಮುಗಿಸಬಲ್ಲೆ. ಇಂಥ ನನಗೆ, ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಶಿರವಾಡದ ನನ್ನ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ, ಸರಕಾರವೇ ಒಂದು ನೋಟೀಸು ಕೊಟ್ಟಿತು.

ಅದು ಬಂದದ್ದು ಕಂಪ್ಯೂಟರಿನ ಪರದೆಯ ಮೇಲೆ. ನಾನು ದಿನಾ ಹೋಗಿಬರುವ ಒಂದು ಜಾಲತಾಣವಿತ್ತು. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ತಂದು ಹಾಕಬಹುದು, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಸಿನಿಮಾ, ಹಾಡು, ನಾಟಕದ ರೆಕಾರ್ಡು, ಪುಸ್ತಕ, ಎಲ್ಲವೂ ಇದ್ದವು. ಕೇಳುವವರು ಯಾರೂ ಇರಲಿಲ್ಲ. ಅವತ್ತು ಹೋದರೆ ಬಿಳಿ ಹಾಳೆಯ ಮೇಲೆ ಎರಡೇ ಸಾಲು. ಕೃತಿಸ್ವಾಮ್ಯದ ಉಲ್ಲಂಘನೆಯಾದ ಕಾರಣ ಸರಕಾರದ ಆದೇಶದಂತೆ ಈ ತಾಣವನ್ನು ತಡೆಹಿಡಿಯಲಾಗಿದೆ. ವೃತ್ತಿಯವನಾದ್ದರಿಂದ ನಾನು ಮೊದಲು ನೋಡಿದ್ದು ಬರವಣಿಗೆಯನ್ನು. ಕ್ರಮಾಂಕವಿಲ್ಲ, ದಿನಾಂಕವಿಲ್ಲ, ಏಳು ದಿನದೊಳಗೆ ಉತ್ತರಿಸಿ ಎಂಬ ಮಾತಿಲ್ಲ. ನಾನು ಇಂಥದ್ದೊಂದು ಬರೆದು ಒಯ್ದಿದ್ದರೆ ನಮ್ಮ ಸಾಹೇಬರು ಕಡತವನ್ನು ಅಲ್ಲೇ ತಳ್ಳಿಬಿಡುತ್ತಿದ್ದರು. ಇಷ್ಟೆಲ್ಲ ವಿಮರ್ಶೆ ಮುಗಿದ ಮೇಲೆ ನಾನು ಎದ್ದು ಹೋಗಿ ಕಿಟಕಿಯ ಪರದೆ ಎಳೆದೆ.

“ಎಂತಕ್ಕೆ ಕತ್ಲೆ ಮಾಡ್ಕಂಡು ಕುಂತ್ರಿ?” ಎಂದು ಹೆಂಡತಿ ಒಳಗಿನಿಂದ ಕೇಳಿದಳು.

“ಬಿಸಿಲು” ಎಂದೆ. ಹೊರಗೆ ಮೋಡ ಕವಿದಿತ್ತು.

ಮರುದಿನ ಪತ್ರಿಕೆಯಲ್ಲಿ ಸುದ್ದಿಯೂ ಬಂತು. ಇಂಥ ಹಲವು ತಾಣಗಳನ್ನು ಸರಕಾರ ಒಟ್ಟಿಗೆ ಮುಚ್ಚಿಸಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಕಚೇರಿಯಲ್ಲಿ ಒಂದು ಸಣ್ಣ ಶೋಕಸಭೆಯೇ ನಡೆಯಿತು. ಒಬ್ಬರಿಗೆ ಅರ್ಧ ನೋಡಿದ ಸಿನಿಮಾದ ಚಿಂತೆ, ಮತ್ತೊಬ್ಬರಿಗೆ ಮಗಳ ಪರೀಕ್ಷೆಯ ಪುಸ್ತಕದ ಚಿಂತೆ. ಒಂದು ಮುಚ್ಚಿದರೆ ಹತ್ತು ಹುಟ್ಟುತ್ತವೆ ಎಂದು ಮೂರನೆಯವರು ಸಮಾಧಾನ ಹೇಳಿದರು. ನಾನು ಮಾತ್ರ ಉಪ್ಪಿನಕಾಯಿ ಹತ್ತಿದ ಬೆರಳನ್ನು ಮೇಲೆತ್ತಿ, “ಕಳ್ಳತನ ಕಳ್ಳತನವೇ, ಸರಕಾರ ಮಾಡಿದ್ದು ಸರಿ” ಎಂದೆ. ನನ್ನ ಪ್ರಾಮಾಣಿಕತೆಗೆ ಮೊದಲೇ ಇದ್ದ ಹೆಸರು ಅವತ್ತು ಇನ್ನಷ್ಟು ಗಟ್ಟಿಯಾಯಿತು.

ಹಾಗೆಂದು ನನ್ನಲ್ಲಿ ವಾದವಿರಲಿಲ್ಲ ಎಂದುಕೊಳ್ಳಬೇಡಿ. ತಪ್ಪು ಮಾಡುವವನಿಗೆ ವಾದ ಬೇಕೇ ಬೇಕು, ಸಾಚಾ ಮನುಷ್ಯನಿಗೆ ಅದರ ಗೊಡವೆ ಇರುವುದಿಲ್ಲ. ನನ್ನ ಮೊದಲನೆಯ ವಾದ ಓಲೆಗರಿಯದು. ಹಿಂದಿನ ಕಾಲದಲ್ಲಿ ಒಂದು ಗ್ರಂಥ ಉಳಿದದ್ದೇ ಯಾರೋ ಅದನ್ನು ನಕಲು ಮಾಡಿಕೊಂಡದ್ದರಿಂದ. ಪ್ರತಿ ಮಾಡುವುದು ಪುಣ್ಯದ ಕೆಲಸವಾಗಿತ್ತು. ಪ್ರತಿ ಮಾಡಿಸಿ ದಾನ ಕೊಡುವವರೂ ಇದ್ದರು. ಲಿಪಿಕಾರರು ಕೊನೆಯ ಗರಿಯಲ್ಲಿ ತಮ್ಮ ಹೆಸರು ಹೇಳಿ, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ವಿನಯದಿಂದ ಕೇಳಿಕೊಳ್ಳುತ್ತಿದ್ದರಂತೆ. ಅವರಿಗೆ ಯಾವ ಸರಕಾರ ನೋಟೀಸು ಕೊಟ್ಟಿತ್ತು? ಈ ವಾದ ನನಗೆ ಬಹಳ ಹಿಡಿಸಿತ್ತು. ಅವರು ಕಂಠವೆಂಬ ಕಬ್ಬಿಣದ ಮೊನೆ ಹಿಡಿದು ಒಂದೊಂದು ಅಕ್ಷರ ಕೊರೆದವರು, ನಾನು ಗುಂಡಿ ಒತ್ತಿದವನು ಎಂಬುದನ್ನು ನಾನು ಬೇಕೆಂದೇ ಮರೆಯುತ್ತಿದ್ದೆ. ತಪ್ಪು ತಿದ್ದುವ ಮಾತನ್ನೂ ಮರೆತಿದ್ದೆ, ಅದರ ವಿಷಯ ಮುಂದೆ ಬರುತ್ತದೆ.

ಎರಡನೆಯ ವಾದ ಕಡಲಿನದು. ಕಾರವಾರದ ದಂಡೆಯಲ್ಲಿ ಏಂಡಿ ಬಲೆ ಎಳೆಯುವುದನ್ನು ನೀವು ನೋಡಿರಬಹುದು. ದೋಣಿಯವರು ಬಲೆಯನ್ನು ನೀರಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ನಿಂತವರು ಎಳೆಯುತ್ತಲೇ ಇರಬೇಕು. ಬಲೆಯವರು ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಒಂದಿಷ್ಟು ಮೀನು ಕೊಡುತ್ತಾರೆ, ಜಾತಿ ಕುಲ ಕೇಳುವುದಿಲ್ಲ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಸಂಜೆ ತಿರುಗಾಡಲು ಹೋದವನು, ಬಲೆ ಇನ್ನೇನು ದಂಡೆಗೆ ಬಂತು ಎನ್ನುವಾಗ ಪ್ಯಾಂಟು ಮಡಚಿ ಹಗ್ಗ ಹಿಡಿದೆ. ಎಲ್ಲರಿಗಿಂತ ಜೋರಾಗಿ ‘ಹೋ’ ಎಂದು ಕೂಗಿದ್ದು ನೆನಪಿದೆ, ಎಳೆದದ್ದು ನೆನಪಿಲ್ಲ. ಒಬ್ಬ ಅಜ್ಜಿ ನನ್ನ ಮುಖವನ್ನೂ ನನ್ನ ಒಣ ಅಂಗೈಯನ್ನೂ ನೋಡಿ, ನನ್ನ ಕರವಸ್ತ್ರದಲ್ಲಿ ಒಂದು ಮುಷ್ಟಿ ತಾರ್ಲೆ ಮೀನು ಹಾಕಿದಳು. ಆ ಜಾಲತಾಣವೂ ಹೀಗೆಯೇ ಎಂದು ನಾನು ನನಗೆ ಹೇಳಿಕೊಂಡಿದ್ದೆ. ಎಲ್ಲರೂ ಸೇರಿ ಎಳೆಯುವುದು, ಎಲ್ಲರೂ ಹಂಚಿಕೊಳ್ಳುವುದು. ಬರೇ ತೆಗೆದುಕೊಂಡರೆ ಕಳ್ಳನಾಗುತ್ತೇನೆ, ನಾನೂ ಏನಾದರೂ ತಂದು ಹಾಕಿದರೆ ಹಗ್ಗ ಎಳೆದವನಾಗುತ್ತೇನೆ. ಈ ನ್ಯಾಯಬುದ್ಧಿಯೇ ನನ್ನನ್ನು ಹಾಳು ಮಾಡಿತು.

ನಾನು ತಂದು ಹಾಕಿದ್ದು ಪ್ರೇಮಕ್ಕನ ಪುಸ್ತಕ.

ಪ್ರೇಮಕ್ಕ ನನ್ನ ದೊಡ್ಡಪ್ಪನ ಮಗಳು. ಅಂಕೋಲೆಯವಳು, ಅಂಗನವಾಡಿ ಟೀಚರಾಗಿ ನಿವೃತ್ತಳಾದವಳು. ಮಕ್ಕಳ ಬಾಯಿಗೆ ಹೋಗುವುದನ್ನು ಅಳೆದೂ ಅಳೆದೂ ಅವಳಿಗೆ ಅಳತೆಯ ಹುಚ್ಚು ಹತ್ತಿಬಿಟ್ಟಿತ್ತು. ನಮ್ಮ ಕಡೆಯ ಹೆಂಗಸರಲ್ಲಿ ಮೀನುಸಾರಿಗೆ ಎಷ್ಟು ಹುಳಿ ಎಂದು ಕೇಳಿದರೆ ‘ಬೇಕಾದಷ್ಟು’ ಎನ್ನುತ್ತಾರೆ. ಪ್ರೇಮಕ್ಕ ಮಾತ್ರ ಮುರುಗಲ ಸಿಪ್ಪೆ ಆರು, ದೊಡ್ಡದಾದರೆ ಐದು ಎನ್ನುವವಳು. ನಿವೃತ್ತಿಯಾದ ಮೇಲೆ ಅವಳು ಅಂಕೋಲೆ ಸೀಮೆಯ ಮೀನಡುಗೆಗಳನ್ನೆಲ್ಲ ಮನೆಮನೆಗೆ ಹೋಗಿ ಕೇಳಿ, ತಾನು ಮಾಡಿ ನೋಡಿ, ಬರೆದಳು. ರಾಮನಗುಳಿಯ ಕಡೆ ಹೊಳೆಮೀನಿನ ಒಂದು ಸಾರು ಇದೆಯೆಂದು ಯಾರೋ ಹೇಳಿದ್ದಕ್ಕೆ ಮೂರು ಸಲ ಬಸ್ಸು ಹತ್ತಿ ಹೋಗಿಬಂದಳು. ಹೀಗೆ ನಾಲ್ಕು ವರ್ಷ ಹಿಡಿದು ಒಂದು ಸಣ್ಣ ಪುಸ್ತಕವಾಯಿತು.

ಅಚ್ಚಾದದ್ದು ಕಾರವಾರದಲ್ಲಿ. ಕಟ್ಟುಗಳನ್ನು ಬಸ್ಸಿನಲ್ಲಿ ಅಂಕೋಲೆಗೆ ತಲುಪಿಸುವ ಜವಾಬ್ದಾರಿ ನನ್ನದು. “ದಿನ್ಯಾ, ಕಟ್ಟು ಬಿಚ್ಚಬೇಡ, ನಾ ಒಂದ್ಸಲ ಪೂರ್ತಿ ನೋಡಬೇಕು” ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ದಾರಿಯಲ್ಲಿ ಅವರ್ಸಾ ಊರು ದಾಟುವ ಮೊದಲೇ ನಾನು ಒಂದು ಕಟ್ಟಿನ ಗಂಟು ಸಡಿಲಿಸಿ ಒಂದು ಪ್ರತಿ ಎಳೆದುಕೊಂಡಿದ್ದೆ. ಕಾಯುವುದು ನನ್ನಿಂದ ಆಗದ ಕೆಲಸ. ಮನೆತನದಲ್ಲಿ ಮೊದಲ ಪುಸ್ತಕ, ಮೊದಲ ಓದುಗ ನಾನಾಗಬೇಕು ಎಂಬ ಚಪಲ ಬೇರೆ. ಆಮೇಲೆ ಅವಳು ಎಲ್ಲರಿಗೂ ಪುಸ್ತಕ ಕೊಡುವಾಗ ನನ್ನ ಕಡೆಗೂ ಒಂದು ಚಾಚಿದಳು. “ನಂಗೆ ಪ್ರೆಸ್ಸಿನವರೇ ಒಂದು ಕೊಟ್ಟಾರೆ ಅಕ್ಕಾ, ಇದು ಮತ್ಯಾರಿಗಾದ್ರೂ ಆಗ್ತದೆ” ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು ಎಂದು ಈಗ ಯೋಚಿಸಿದರೆ ಮೈ ಮುದುಡುತ್ತದೆ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಅತಿಕ್ರಮಣದ ನೋಟೀಸುಗಳನ್ನು ಸ್ಕ್ಯಾನ್ ಮಾಡುವ ಅದೇ ಯಂತ್ರದ ಮೇಲೆ, ಪ್ರೇಮಕ್ಕನ ಪುಸ್ತಕವನ್ನು ಬೋರಲು ಹಾಕಿ ಪುಟಪುಟವಾಗಿ ಎತ್ತಿದೆ. ಸಂಜೆ ಮನೆಯಿಂದ ಜಾಲತಾಣಕ್ಕೆ ಸೇರಿಸಿದೆ. ನನ್ನ ಉದ್ದೇಶ ಒಳ್ಳೆಯದಿತ್ತು, ಇದನ್ನು ದಯವಿಟ್ಟು ನಂಬಿ. ನಮ್ಮ ಅಂಕೋಲೆಯ ಸಾರು ಜಗತ್ತಿಗೆಲ್ಲ ಮುಟ್ಟಲಿ ಎಂದುಕೊಂಡಿದ್ದೆ. ಅದು ಮುಟ್ಟಿತು ಕೂಡ. ಇಳಿಸಿಕೊಂಡವರ ಸಂಖ್ಯೆ ಮೊದಲ ವಾರದಲ್ಲಿ ಎರಡಂಕಿ, ಆಮೇಲೆ ಮೂರಂಕಿ, ವರ್ಷ ತುಂಬುವಾಗ ನಾಲ್ಕಂಕಿಗೆ ಏರಿತು. ಕೆಳಗೆ ಜನ ಬರೆಯುತ್ತಿದ್ದರು. ಮುಂಬಯಿಯ ಒಬ್ಬಳು ಸತ್ತುಹೋದ ಅಮ್ಮನ ಕೈರುಚಿ ಮತ್ತೆ ಸಿಕ್ಕಿತು ಎಂದು ಬರೆದಿದ್ದಳು. ದುಬೈಯ ಒಬ್ಬ ತನ್ನ ಕೋಣೆಯ ನಾಲ್ವರೂ ಈಗ ಇದೇ ಪುಸ್ತಕ ನೋಡಿ ಅಡುಗೆ ಮಾಡುವುದೆಂದು ಬರೆದಿದ್ದ. ಎಲ್ಲರೂ ‘ಧನ್ಯವಾದ ಸರ್’ ಎನ್ನುತ್ತಿದ್ದರು. ಆ ‘ಸರ್’ ನಾನು. ಒಂದೊಂದಕ್ಕೂ ‘ಸಂತೋಷ’ ಎಂದು ಉತ್ತರಿಸುತ್ತಿದ್ದೆ. ನಾಲ್ಕು ವರ್ಷ ಒಲೆಯ ಮುಂದೆ ನಿಂತವನು ನಾನೇ ಎಂಬಂತಿತ್ತು ನನ್ನ ಗತ್ತು.

ಕೆಲವರು ತಕರಾರನ್ನೂ ಹಾಕಿದ್ದರು. ಉಪ್ಪು ಬಂಗಡೆಯ ಸಾರು ಬಾಯಿಗೆ ಇಡಲಾಗಲಿಲ್ಲ, ನಿಮ್ಮ ಕಡೆ ಇಷ್ಟು ಉಪ್ಪು ತಿನ್ನುತ್ತಾರೆಯೇ ಎಂದು. ಒಬ್ಬರಂತೂ ಇಡೀ ಪಾತ್ರೆ ಚೆಲ್ಲಿದೆವು ಎಂದು ಬರೆದಿದ್ದರು. ಘಟ್ಟದ ಮೇಲಿನವರ ನಾಲಿಗೆಗೆ ಕಡಲಿನ ಊಟ ಒಗ್ಗುವುದಿಲ್ಲ ಎಂದು ನಾನು ನಕ್ಕು, ಅವರಿಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಇತ್ತ ಅಂಕೋಲೆಯಲ್ಲಿ ಕಟ್ಟುಗಳು ಕಪಾಟಿನ ಮೇಲೆ ಹಾಗೇ ಕುಳಿತಿದ್ದವು. ನೆಂಟರು, ಅಂಗನವಾಡಿಯ ಗೆಳತಿಯರು ತೆಗೆದುಕೊಂಡದ್ದು ಬಿಟ್ಟರೆ ಪುಸ್ತಕ ಕದಲಲಿಲ್ಲ. ಪ್ರೇಮಕ್ಕ ಎರಡನೆಯ ಪುಸ್ತಕಕ್ಕೆ ಕೈಹಾಕಿದ್ದಳು, ಮಳೆಗಾಲದ ಅಡುಗೆಗಳದು. ದೋಣಿ ಇಳಿಯದ ದಿನಗಳಲ್ಲಿ ನಮ್ಮವರು ಏನೇನು ಉಣ್ಣುತ್ತಿದ್ದರು ಎಂಬುದರ ಮೇಲೆ ಅರ್ಧ ನೋಟುಬುಕ್ಕು ತುಂಬಿಸಿದ್ದಳು. ಕಳೆದ ಗಣೇಶ ಚವತಿಗೆ ಹೋದಾಗ ಅದು ಎಲ್ಲಿಗೆ ಬಂತು ಎಂದು ಕೇಳಿದೆ.

“ಬಿಟ್ಟೆ” ಎಂದಳು, ಕರಿಗಡುಬಿನ ಅಂಚು ಮಡಚುತ್ತ. “ಓದುವರು ಯಾರಿದ್ದಾರೆ? ಚೆಂದ ಇದ್ರೆ ಒಬ್ರಾದ್ರೂ ಕೇಳ್ಕಂಡು ಬರ್ತಿದ್ರು. ನಂಗೆ ಬರಿಯುಕೆ ಬರೂದಿಲ್ಲ ಅಂತಾಯ್ತು ಅಷ್ಟೇ.”

ಅವಳ ಸ್ವರದಲ್ಲಿ ದುಃಖವಿರಲಿಲ್ಲ, ಇದ್ದದ್ದು ನಾಚಿಕೆ. ಬರಬಾರದ ಕಡೆ ಬಂದುಬಿಟ್ಟೆ ಎಂಬಂಥ ನಾಚಿಕೆ. ಆಗ ನನ್ನ ಅಂಗಿಯ ಜೇಬಿನಲ್ಲಿ ಫೋನಿತ್ತು. ಫೋನಿನಲ್ಲಿ ಆ ಪುಟವಿತ್ತು, ಮುಂಬಯಿಯವಳ ಅಮ್ಮನ ಕೈರುಚಿ ಇತ್ತು. ತೆಗೆದು ತೋರಿಸಿದ್ದರೆ ಅರೆಕ್ಷಣದಲ್ಲಿ ಅವಳ ನಾಚಿಕೆ ನನ್ನ ಪಾಲಿಗೆ ಬರುತ್ತಿತ್ತು. ನಾನು ಒಂದು ಕಡುಬು ತೆಗೆದು ಬಾಯಿಗೆ ಹಾಕಿಕೊಂಡು, “ಜನಕ್ಕೆ ಈಗ ಓದುವ ಅಭ್ಯಾಸವೇ ಇಲ್ಲ ಅಕ್ಕಾ” ಎಂದೆ.

ಈಗ ಹೇಳಿ, ಆ ಭಾನುವಾರ ಸರಕಾರದ ನೋಟೀಸು ನೋಡಿ ಪರದೆ ಎಳೆದವನಿಗೆ ಮೊದಲು ಆದದ್ದೇನು? ನೆಮ್ಮದಿ. ಹೆದರಿಕೆ ಇಳಿದ ಮೇಲೆ ಒಂದು ತಣ್ಣನೆಯ ನೆಮ್ಮದಿ. ನನ್ನ ಕಳ್ಳತನದ ಪಂಚನಾಮೆ ಇದ್ದದ್ದು ಅಲ್ಲೊಂದೇ ಕಡೆ, ಅದನ್ನು ಸರಕಾರವೇ ಬೀಗ ಹಾಕಿ ಕೊಟ್ಟಿತ್ತು. ಎರಡು ದಿನ ಹಗುರಾಗಿ ಓಡಾಡಿದೆ. ಮೂರನೆಯ ದಿನ ಸಂಜೆ ಬೈತಖೋಲ ಬಂದರಿಗೆ ಮೀನು ತರಲು ಹೋಗಿ ಹರಾಜಿನ ಗದ್ದಲದಲ್ಲಿ ನಿಂತಿದ್ದಾಗ ಇನ್ನೊಂದು ವಿಷಯ ಹೊಳೆಯಿತು. ಪ್ರೇಮಕ್ಕನಿಗೆ ಬರೆಯಲು ಬರುತ್ತದೆ ಎಂಬುದಕ್ಕಿದ್ದ ಸಾಕ್ಷಿಯೂ ಅದೇ ಪುಟದಲ್ಲಿತ್ತು. ನಾನು ಕಳ್ಳ ಎನ್ನುವ ಕಾಗದ, ಅವಳು ಒಳ್ಳೆಯ ಬರಹಗಾರ್ತಿ ಎನ್ನುವ ಕಾಗದ, ಎರಡೂ ಒಂದೇ ಆಗಿದ್ದವು. ಚವತಿಯ ದಿನ ತೋರಿಸಬಹುದಾಗಿದ್ದುದನ್ನು ಇನ್ನು ತೋರಿಸುವಂತಿರಲಿಲ್ಲ. ಬಾಯಲ್ಲಿ ಹೇಳಬೇಕು, ಮತ್ತು ನಂಬು ಎಂದು ಕಳ್ಳನೇ ಕೇಳಿಕೊಳ್ಳಬೇಕು. ಮೀನು ಕೊಳ್ಳದೆ ಮನೆಗೆ ಬಂದೆ.

ಮುಂದಿನ ಭಾನುವಾರ ಅಂಕೋಲೆಗೆ ಹೋದೆ. ಬಸ್ಸಿನಲ್ಲಿ ಕುಳಿತು ಮಾತು ಜೋಡಿಸಿಕೊಂಡೆ. ಅಭ್ಯಾಸಬಲ, ನನ್ನ ತಪ್ಪೊಪ್ಪಿಗೆಯೂ ‘ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೇ ಶುರುವಾಗುತ್ತಿತ್ತು. ಪ್ರೇಮಕ್ಕ ಹಿಂಬದಿಯ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಗಂಟು ಬಿಚ್ಚಿದ್ದು, ಪ್ರೆಸ್ಸಿನವರು ಕೊಟ್ಟರೆಂಬ ಸುಳ್ಳು, ಸ್ಕ್ಯಾನ್ ಮಾಡಿದ್ದು, ನಾಲ್ಕಂಕಿ ಸಂಖ್ಯೆ, ಮುಂಬಯಿಯವಳು, ದುಬೈಯ ನಾಲ್ವರು, ನಾನು ತೆಗೆದುಕೊಂಡ ಧನ್ಯವಾದಗಳು, ಕೊನೆಗೆ ಸರಕಾರ ಬಾಗಿಲು ಹಾಕಿದ್ದು. ಓಲೆಗರಿಯ ವಾದವನ್ನು ಹೇಳಲು ಬಾಯಿ ಬರಲಿಲ್ಲ. ಹಗ್ಗದ ವಾದವನ್ನು ಮಾತ್ರ, ನಾಚಿಕೆಯಿಲ್ಲದೆ, ಹೇಳಿಬಿಟ್ಟೆ.

ಅವಳು ಬಸಳೆಯ ಎಲೆ ಕೆಳಗಿಟ್ಟಳು. “ಹಗ್ಗ ಎಳೆದವಳು ನಾನು. ನೀ ಮೀನು ಹಂಚಿದಂವ” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಅಂಗನವಾಡಿಯಲ್ಲಿ ತಪ್ಪು ತಿದ್ದುವ ಸ್ವರದಲ್ಲಿ ಹೇಳಿದಳು. ಆಮೇಲೆ, “ಅಷ್ಟು ಜನ ಓದಿದ್ರೇನೋ?” ಎಂದು ಕೇಳಿದಳು. ಅವಳ ಮುಖದಲ್ಲಿ ಒಂದು ಬೆಳಕು ಬಂತು. ಅದನ್ನು ನೋಡಿ ನನಗೆ ಇನ್ನಷ್ಟು ಅವಮಾನವಾಯಿತು. ಒಂದು ವರ್ಷ ಮೊದಲೇ ಬರಬೇಕಾದ ಬೆಳಕು ಅದು.

ಆ ಬೆಳಕು ಹೆಚ್ಚು ಹೊತ್ತು ನಿಲ್ಲಲಿಲ್ಲ. “ನೀ ಸ್ಕ್ಯಾನ್ ಮಾಡಿದ್ದು ಯಾವ ಪ್ರತಿ?” ಎಂದಳು.

“ಬಸ್ಸಿನಲ್ಲಿ ತಕಂಡದ್ದು.”

“ಮೂವತ್ತೊಂದನೇ ಪುಟದ ಕೆಳಗೆ ಎಂತಾದ್ರೂ ಇತ್ತಾ? ನೀಲಿ ಪೆನ್ನಲ್ಲಿ ಬರ್ದದ್ದು?”

ಇರಲಿಲ್ಲ. ಅವಳು ಎದ್ದು ಒಳಗೆ ಹೋಗಿ ಕಪಾಟಿನ ಮೇಲಿನ ಕಟ್ಟಿನಿಂದ ಒಂದು ಪುಸ್ತಕ ತಂದು ಆ ಪುಟ ತೆಗೆದು ನನ್ನೆದುರು ಹಿಡಿದಳು. ಉಪ್ಪು ಬಂಗಡೆಯ ಸಾರು. ಅಚ್ಚಿನಲ್ಲಿ ಪುಟದ ಕೊನೆಯ ಒಂದು ಸಾಲು ಬಿಟ್ಟುಹೋಗಿತ್ತು. ಆ ಜಾಗದಲ್ಲಿ ಅವಳ ದುಂಡನೆಯ ಅಕ್ಷರದಲ್ಲಿ ಸಾಲು ತುಂಬಿತ್ತು. ಇನ್ನೊಂದು ಪ್ರತಿ ತೆಗೆದಳು, ಅದರಲ್ಲೂ ಇತ್ತು. ಕಟ್ಟುಗಳು ಬಂದ ದಿನವೇ ತಪ್ಪು ಕಂಡು, ಯಾರಿಗೂ ಹೇಳಲು ನಾಚಿಕೆಯಾಗಿ, ಒಬ್ಬಳೇ ಕುಳಿತು ಅಷ್ಟೂ ಪ್ರತಿಗಳಲ್ಲಿ ಆ ಒಂದು ಸಾಲನ್ನು ಕೈಯಿಂದ ಬರೆದಿದ್ದಳಂತೆ. ಆ ಸಾಲು ಇಲ್ಲದ ಪ್ರತಿ ಲೋಕದಲ್ಲಿ ಒಂದೇ ಒಂದಿತ್ತು. ನಾನು ಅದನ್ನೇ ಲೋಕಕ್ಕೆಲ್ಲ ಹಂಚಿದ್ದೆ.

ಸಾಲು ಇಷ್ಟೇ. ಉಪ್ಪುಮೀನನ್ನು ಮೊದಲು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಬೇಕು ಎಂಬುದು. ನಮ್ಮ ಕರಾವಳಿಯಲ್ಲಿ ಇದನ್ನು ಹೇಳಬೇಕಾಗಿಲ್ಲ. ಎಂಟು ವರ್ಷದ ಹುಡುಗಿಗೂ ಗೊತ್ತು. ಆದ್ದರಿಂದಲೇ ನಾನು ಅಷ್ಟು ಸಲ ಓದಿದರೂ ಸಾಲು ಇಲ್ಲದ್ದು ನನಗೆ ಕಾಣಲಿಲ್ಲ. ಕಂಡದ್ದು ಉಪ್ಪುಮೀನನ್ನು ಕಂಡೇ ಇಲ್ಲದವರಿಗೆ. ಅವರು ಬರೆದು ತಿಳಿಸಿದ್ದರು, ನಾನು ಅವರ ನಾಲಿಗೆಯನ್ನು ಆಡಿಕೊಂಡಿದ್ದೆ. ಆ ಸಂಗತಿಯನ್ನೂ ಅವಳಿಗೆ ಹೇಳಬೇಕಾಯಿತು.

“ಪಾತ್ರೆ ಚೆಲ್ಲಿದ್ರಾ?” ಎಂದು ಪ್ರೇಮಕ್ಕ ಮೆಲ್ಲಗೆ ಕೇಳಿದಳು. “ನನ್ನ ಹೆಸ್ರು ಇತ್ತಲ್ಲೋ ಅದರ ಮೇಲೆ.”

ಪುಸ್ತಕ ಕದ್ದದ್ದಕ್ಕೆ ಅವಳು ಅಷ್ಟು ನೊಂದಿರಲಿಲ್ಲ. ಯಾರದೋ ಮನೆಯಲ್ಲಿ ತನ್ನ ಮಾತು ನಂಬಿ ಒಲೆ ಹಚ್ಚಿದವರು ಹಸಿದು ಎದ್ದರಲ್ಲ ಎಂಬುದು ಅವಳನ್ನು ಚುಚ್ಚಿತ್ತು. ಜೀವಮಾನವಿಡೀ ಒಂದು ಚಮಚ ಹೆಚ್ಚು ಕಡಿಮೆ ಆಗದಂತೆ ಬಡಿಸಿದ ಕೈ ಅದು. ಕೃತಿಸ್ವಾಮ್ಯ ಎಂಬ ಶಬ್ದವನ್ನು ನಾನು ಕಾನೂನಿನ ಶಬ್ದ ಎಂದುಕೊಂಡಿದ್ದೆ. ತನ್ನ ಮಾತಿಗೆ ತಾನೇ ಹೊಣೆ ಎಂದು ಪ್ರತಿ ಪ್ರತಿಯಲ್ಲೂ ಕೂತು ತಿದ್ದುವ ಹಕ್ಕು ಅದು ಎಂದು ಆ ಜಗಲಿಯಲ್ಲಿ ಗೊತ್ತಾಯಿತು. ನಾನು ಅವಳಿಂದ ಕಸಿದುಕೊಂಡದ್ದು ಆ ಹಕ್ಕನ್ನು.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. “ಅದೆಲ್ಲ ಬೇಡ” ಎಂದಳು. “ಅಷ್ಟೂ ಜನಕ್ಕೆ ತಿಳಿಸು.”

ತಿಳಿಸುವುದು ಹೇಗೆ? ತಾಣಕ್ಕೆ ಬೀಗ ಬಿದ್ದಿದೆ. ಇಳಿಸಿಕೊಂಡವರು ಯಾರೆಂದು ನನಗೆ ಗೊತ್ತಿಲ್ಲ, ಅವರು ಮತ್ತೆ ಯಾರ್‍ಯಾರಿಗೆ ಕಳಿಸಿದ್ದಾರೋ. ಸರಕಾರ ಬಾಗಿಲು ಮುಚ್ಚಬಲ್ಲದು, ಹೊರಗೆ ಹೋದದ್ದನ್ನು ಕರೆದು ತರಲಾರದು. ಯಾವಾಗಾದರೊಮ್ಮೆ ಪತ್ರಿಕೆಗೆ ಪ್ರಬಂಧ ಬರೆಯುತ್ತೇನಲ್ಲ, ಅದರಲ್ಲಿ ಬರೆಯಬಹುದೇನೋ ಎಂದೆ. ಯಾರೋ ಒಬ್ಬರು ಹೀಗೆ ಮಾಡಿದ್ದರಂತೆ ಎಂದು, ಹೆಸರಿಲ್ಲದೆ.

“ಧನ್ಯವಾದ ತಕಂಬಾಗ ಯಾರೋ ಒಬ್ರು ಆಗಿದ್ಯಾ?” ಎಂದಳು ಪ್ರೇಮಕ್ಕ. “ನೀನೇ ಅಂತ ಬರಿ.”

ಹೊರಡುವಾಗ ಅವಳು ಒಂದು ಪ್ರತಿಯನ್ನು ಮೂವತ್ತೊಂದನೆಯ ಪುಟಕ್ಕೆ ತೆರೆದು, ಸಾಲು ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ, ನನ್ನ ಕೈಗೆ ಕೊಟ್ಟಳು. ಈ ಸಲ ನಾನು ಕಾದು ನಿಂತು ತೆಗೆದುಕೊಂಡೆ. ಮಳೆಗಾಲದ ನೋಟುಬುಕ್ಕು ಎಲ್ಲಿದೆ ಎಂದು ಕೇಳುವ ಧೈರ್ಯವಾಗಲಿಲ್ಲ. ಕೇಳುವ ಅಧಿಕಾರವೂ ನನಗಿರಲಿಲ್ಲ.

ಆದ್ದರಿಂದ, ಓದುಗರೇ, ನಾನು ನಾನೇ ಎಂದು ಬರೆಯುತ್ತಿದ್ದೇನೆ. ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಅಂಕೋಲೆಯ ಮೀನಡುಗೆಯ ಒಂದು ಪುಸ್ತಕ ಇದ್ದು, ಅದರ ಪುಟಗಳ ಅಂಚಿನಲ್ಲಿ ಯಾರದೋ ಹೆಬ್ಬೆರಳು ಅಲ್ಲಲ್ಲಿ ಕಾಣುತ್ತಿದ್ದರೆ, ಅದು ನನ್ನ ಹೆಬ್ಬೆರಳು. ನೀವು ಪಾತ್ರೆ ಚೆಲ್ಲಿದ್ದರೆ ಆ ತಪ್ಪು ನನ್ನದು, ಪ್ರೇಮಕ್ಕನದಲ್ಲ. ಮೂವತ್ತೊಂದನೆಯ ಪುಟದ ಕೆಳಗೆ, ಸಾಧ್ಯವಾದರೆ ನೀಲಿ ಪೆನ್ನಿನಲ್ಲಿ, ಹೀಗೆ ಬರೆದುಕೊಳ್ಳಿ: ‘ಉಪ್ಪು ಬಂಗಡೆಯನ್ನು ಬೆಳಿಗ್ಗೆಯೇ ನೀರಿನಲ್ಲಿ ನೆನೆಹಾಕಿ, ಮಧ್ಯೆ ಎರಡು ಸಲ ಆ ನೀರು ಚೆಲ್ಲಿ, ಚೂರು ಮುರಿದು ನಾಲಿಗೆಗೆ ಇಟ್ಟು ನೋಡಿ, ಆಮೇಲೆ ಸಾರಿಗೆ ಹಾಕಿ. ಬೇರೆ ಉಪ್ಪು ಬೇಡ.’